ಎರಡು ನಿಮಿಷ

ಸಿರಾ ಕೋಟೆಯ ಕಂದಕಕ್ಕೆ ಬೆನ್ನು ಕೊಟ್ಟು
ಪ್ಯಾರೇಜಾನ್ ಸಾಬರ ಗಡಿಯಾರದ ಅಂಗಡಿ.
ಅಂಗಡಿಯೆಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು,
ಬಲಗಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ.

ಅಪ್ಪನ ಗಡಿಯಾರ ಕೊಟ್ಟೆ.
ಬೆನ್ನ ಮುಚ್ಚಳ ಬಿಚ್ಚಿ, ಉಸಿರು ಹಿಡಿದು,
‘ತುಮಕೂರಿಂದು’ ಅಂದರು,
ಊರಿನ ಹೆಸರಲ್ಲ,
ಮಣ್ಣು ಮಾಡಿ ಬಂದ ನೆಂಟನ ಹೆಸರು ಹೇಳಿದ ಹಾಗೆ.

ಮೂವತ್ತೊಂದು ವರ್ಷ ಅಪ್ಪ ಆ ಕಾರ್ಖಾನೆಯಲ್ಲಿ
ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿದ.
ರೈಲು ಹೊರಡುವುದು, ಮಕ್ಕಳು ಪರೀಕ್ಷೆ ಬರೆಯುವುದು,
ಹಿಮದಲ್ಲಿ ಯಾರೋ ಪಹರೆ ಬದಲಾಯಿಸುವುದು
ಎಲ್ಲ ತನ್ನ ಚಿಮುಟದ ತುದಿಯಿಂದಲೇ ಎಂದು ನಂಬಿದ್ದ.
‘ದೇಶ ಸೀನಬಹುದು, ನಾನು ಸೀನಬಾರದು’
ಅನ್ನೋನು ಮೂಡ್ಲಗಿರಿಯಪ್ಪ,
ನೆಗಡಿಯಾದ ದಿನ ರಜೆ ಹಾಕೋನು.

ಸಾಲುಮನೆಗಳಲ್ಲಿ ಆಗ ರಷ್ಯಾದ ಪತ್ರಿಕೆ ಬರುತ್ತಿತ್ತು.
ಓದಿದವರನ್ನು ನಾನು ಕಾಣೆ.
ಆ ನುಣುಪು ಹಾಳೆ ನನ್ನ ಸಮಾಜ ಪುಸ್ತಕಕ್ಕೆ ರಟ್ಟು:
ಗೋಧಿಯ ಬಯಲು, ಟ್ರ್ಯಾಕ್ಟರಿನ ಮೇಲೆ ನಗುವ ಹೆಂಗಸು.
ಒಂದು ಚಳಿಗಾಲ ಆ ದೇಶವೇ ಹೋಯಿತು.
ರಟ್ಟು ಇನ್ನೂ ಹರಿದಿರಲಿಲ್ಲ.
ತಂಗಿ ಮುಂದಿನ ವರ್ಷ ಅದನ್ನೇ ಬಳಸಿದಳು.

ಕಾರ್ಖಾನೆ ಹೇಗೆ ಮುಗಿಯಿತೆಂದು ಕೇಳಿದರೆ
ಗೇಟಿಗೆ ಬೀಗ ಬಿದ್ದ ದಿನದ ಮಾತೇ ಎತ್ತುತ್ತಿರಲಿಲ್ಲ ಅಪ್ಪ.
ಅದಕ್ಕೂ ಎಷ್ಟೋ ವರ್ಷ ಮುಂಚೆ ಒಂದು ಮಂಗಳವಾರ
ಬೆಳಗಿನ ಸೈರನ್ನು ಎರಡು ನಿಮಿಷ ತಡವಾಗಿ ಕೂಗಿತಂತೆ.
ಗಡಿಯಾರ ಮಾಡುವ ಅಷ್ಟೂ ಜನ
ತಂತಮ್ಮ ಮಣಿಕಟ್ಟು ನೋಡಿಕೊಂಡರಂತೆ.
ಯಾರೂ ಏನೂ ಅನ್ನಲಿಲ್ಲ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
‘ಆ ನಗು ಕೇಳಿದಾಗ್ಲೇ ನಂಗೆ ಗೊತ್ತಾತು ಕಣಲೇ’ ಅಂದು
ಸುಮ್ಮನಾಗಿ,
ಎಲೆಗೆ ಸುಣ್ಣ ಸವರುತ್ತ ಮೆಲ್ಲಗೆ ಹೇಳಿದ್ದ:
‘ಮಾರನೇ ದಿನ ನಾನೇ ಮೂರು ನಿಮಿಷ ಲೇಟು.’

ಸಾಬರ ತಲೆಯ ಹಿಂದೆ ಕೋಟೆ ಕಾಣುತ್ತದೆ.
ದಿಲ್ಲಿಯ ಸುಬೇದಾರರು ಇಲ್ಲಿ ಕೂತು
ದಕ್ಷಿಣವನ್ನೆಲ್ಲ ಲೆಕ್ಕ ಬರೆಸುತ್ತಿದ್ದರಂತೆ.
ಈಗ ಕಂದಕದಲ್ಲಿ ಆಡು, ಜಾಲಿ,
ಹೆದ್ದಾರಿ ಲಾರಿಗಳ ಹಾರನ್ನು.
ನನಗೇನೂ ಗೊತ್ತಿಲ್ಲ, ಬರೀ ಊಹೆ:
ಬುರುಜಿನ ಮೇಲೊಬ್ಬ ಕಾವಲಿನವ ಇದ್ದಿರಬೇಕು.
ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲ.
ಶತ್ರು ಯಾರೂ ಕಾಣುತ್ತಿಲ್ಲ, ಎಣ್ಣೆ ದುಬಾರಿ.
ಒಂದು ರಾತ್ರಿ ಪಂಜು ಹಚ್ಚದೆ ಮಲಗಿದ.
ಬೆಳಗ್ಗೆ ಎದ್ದು ನೋಡಿದರೆ
ಸೂರ್ಯ ಹುಟ್ಟಿದ್ದ, ಕೋಟೆ ಇತ್ತು,
ಯಾರೂ ಕೇಳಲಿಲ್ಲ.
ಆಮೇಲೆ ಮರಾಠರು ಬಂದರು, ಮೈಸೂರಿನವರು ಬಂದರು.
ಅವರು ತಳ್ಳಿದ್ದು
ಮೊದಲೇ ತೆರೆದಿದ್ದ ಬಾಗಿಲು.

‘ಪಾರ್ಟು ಎಲ್ಲೂ ಇಲ್ಲ’ ಅಂದರು ಸಾಬರು.
‘ಸತ್ತದ್ದು ಇನ್ನೊಂದಿದ್ರೆ ಎರಡೂ ಸೇರಿಸಿ
ಒಂದನ್ನ ಬದುಕಿಸಬೌದು.’
ಡಬ್ಬಿಯಲ್ಲಿ ಕೈಯಾಡಿಸಿದರು.
ಎಷ್ಟೊಂದು ಮಣಿಕಟ್ಟು ಬಿಟ್ಟು ಬಂದವು ಅಲ್ಲಿ,
ಮುಳ್ಳಿಲ್ಲದವು, ಮುಖವಿಲ್ಲದವು,
ಬೆನ್ನ ಮೇಲೆ ‘ಸೇವಾ ಸ್ಮರಣಾರ್ಥ’ ಎಂದು ಕೆತ್ತಿಸಿಕೊಂಡದ್ದೊಂದು.
ಅದರ ಹೊಟ್ಟೆಯಿಂದ ಒಂದು ಚಕ್ರ ತೆಗೆದು ಇಟ್ಟರು.
ನಾನು ಜೇಬಿನಿಂದ ಫೋನು ತೆಗೆದೆ, ಸಮಯ ಹೇಳೋಣವೆಂದು.
‘ಅದು ಯಾರ ಟೈಮು ಸ್ವಾಮಿ?
ಎಲ್ಲಿಂದ ಬರ್ತದೆ?’
ಮೇಲಿಂದ, ಅಂದೆ. ಅವರು ಮೇಲೆ ನೋಡಿದರು.
ಒಂದು ಹದ್ದು ಇತ್ತು.

ಚಕ್ರ ಒಮ್ಮೆ ನಡುಗಿ, ಅನುಮಾನಿಸಿ,
ಆಮೇಲೆ ಓಡತೊಡಗಿತು.
ಬುರುಜಿನ ನೆರಳು ಸ್ಟೂಲಿನ ಕಾಲು ಮುಟ್ಟುವುದನ್ನೇ
ಕಾಯುತ್ತಿದ್ದರು ಸಾಬರು.
ಮುಟ್ಟಿತು.
‘ನಾಲ್ಕೂ ಹತ್ತು’ ಅಂದು ಮುಳ್ಳು ತಿರುಗಿಸಿದರು.

ಫೋನಿನಲ್ಲಿ ನಾಲ್ಕೂ ಹನ್ನೆರಡು.
ನಾನು ಏನೂ ಅನ್ನಲಿಲ್ಲ.