ಕಟ್ಟ, ಕಟ್ಟೆ

ಆರಿಂಚಿನದ್ದು ಬೇಡ, ಮೊದಲೇ ಹೇಳಿದೆ.
ನನ್ನ ದಸ್ತಾವೇಜುಗಳು ಫೂಲ್‌ಸ್ಕ್ಯಾಪಿನವು,
ಸ್ವಲ್ಪ ಕುಗ್ಗಿಸಿದರೂ ಸಾಕು
೩ ಮುಡಿ ಗೇಣಿ ೬ ಮುಡಿಯಾಗುತ್ತದೆ.

ಕಾಸರಗೋಡು, ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಅಂಗಡಿ.
ಹುಡುಗ ಮಿದ್‌ಲಾಜ್ ಕೇಳಿದ: ಟೀಚರಾ ಚೇಚಿ?
ಅಲ್ಲ ಮಾರಾಯ.
ಬದಿಯಡ್ಕದ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು
ಹಳೆ ಕನ್ನಡ ಓದಿ ಮಲಯಾಳದಲ್ಲಿ ಬರೆಯುವವಳು.
ಮನೆಗೆ ಹೋದರೆ ಕೊಂಕಣಿ.
ಫೋನಿನಲ್ಲಿ ಓದಿ ಓದಿ
ರಾತ್ರಿ ಕಣ್ಣಿಗೆ ಮೆಣಸು ಅರೆದ ಹಾಗೆ.

ಮೊದಲನೆಯದಕ್ಕೆ ಬೆಳಕುಂಟು, ಬಣ್ಣವುಂಟು,
ಬರೆದದ್ದನ್ನು ಅಚ್ಚಕ್ಷರ ಮಾಡುತ್ತದಂತೆ.
ಠರಾವು ಎಂದು ಬರೆದೆ.
ಠ ಸೊನ್ನೆಯಾಯಿತು, ರಾ ಇಂಗ್ಲಿಷಿನ ಎಸ್ಸು,
ವು ಇದ್ದಲ್ಲಿ ಎಂತದೋ ಒಂದು ಬಾಲ.
ನಕ್ಕ: ಮಲಯಾಳ ಇದೆ,
ಕನ್ನಡ ಅಪ್‌ಡೇಟಿನಲ್ಲಿ ಬರುತ್ತದೆ ಚೇಚಿ.
ಬರಲಿ. ಅವಸರ ಇಲ್ಲ.
ನಾನೂ ಮಲಯಾಳದ ಅಕ್ಷರ ತಿದ್ದಿದ್ದು
ಇಪ್ಪತ್ತಾರು ತುಂಬಿದ ಮೇಲೆ, ಹೊಟ್ಟೆಪಾಡಿಗೆ.

ಪೆನ್‌ಡ್ರೈವಿನಲ್ಲಿ ಒಂದು ಹಾಳೆ ತಂದಿದ್ದೆ.
ಸಾವಿರದ ಒಂಬೈನೂರ ಮೂವತ್ತೊಂದರ ಚಕ್ಕುಬಂದಿ:
ಮೂಡುದಿಕ್ಕಿಗೆ ಐತಪ್ಪನ ವರ್ಗ,
ತೆಂಕುದಿಕ್ಕಿಗೆ ಓಣಿ,
ಪಡುದಿಕ್ಕಿಗೆ
ಅಲ್ಲಿಗೆ ಬರುವಾಗ ಬರೆದವನ ಶಾಯಿ ಮುಗಿದಿದೆ.
ಕಟ್ಟವೋ, ಕಟ್ಟೆಯೋ.
ಕಟ್ಟವಾದರೆ ಗಡಿ ತೋಡಿನ ನೀರಿಗೆ ಇಳಿಯುತ್ತದೆ,
ಕಟ್ಟೆಯಾದರೆ ಅಶ್ವತ್ಥದ ಬುಡದಲ್ಲೇ ನಿಲ್ಲುತ್ತದೆ.
ನಡುವೆ ಹನ್ನೊಂದು ಸೆಂಟು, ಎರಡು ಮನೆ,
ಒಂಬತ್ತು ವರ್ಷದಿಂದ ಮಾತಿಲ್ಲ.
ಎಲ್ಲ ನಿಂತಿರುವುದು ಅಕ್ಷರದ ತಲೆಯ ಒಂದು ಸುರುಳಿಯ ಮೇಲೆ.
ಅದು ಸುರುಳಿಯೋ
ಹುಳದ ಹಿಕ್ಕೆಯೋ.

ಬೆಳಕಿನದ್ದರಲ್ಲಿ ಹಾಕಿ ತೋರಿಸಿದ.
ಹಾಳೆ ಒಗೆದ ಮುಂಡಿನಷ್ಟು ಬಿಳಿ.
ಕಲೆ ಗಿಲೆ ತಾನೇ ಕ್ಲೀನ್ ಮಾಡುತ್ತದೆ ಚೇಚಿ.
ನೋಡಿದೆ. ಕಟ್ಟ.
ಅಚ್ಚೊತ್ತಿದ ಹಾಗೆ ಕಟ್ಟ.
ಸುರುಳಿಯೂ ಇಲ್ಲ, ಹಿಕ್ಕೆಯೂ ಇಲ್ಲ,
ಸಾಕ್ಷಿಗಳನ್ನು ಕರೆಯದೆ
ಒಂದು ನಿಮಿಷದಲ್ಲಿ ವ್ಯಾಜ್ಯ ತೀರ್ಮಾನ.
ಹೆದರಿಕೆಯಾಯಿತು.

ಇನ್ನೊಂದು ಮೂಲೆಯಲ್ಲಿತ್ತು, ಧೂಳು ಹಿಡಿದು.
ಬೆಳಕಿಲ್ಲ. ಬಣ್ಣವಿಲ್ಲ.
ಪುಟ ಮಗುಚಿದರೆ ಹಿಂದಿನ ಪುಟದ ನೆರಳು
ಹೊರಟು ನಿಂತ ನೆಂಟರ ಹಾಗೆ
ಬಾಗಿಲಲ್ಲೇ ಸ್ವಲ್ಪ ಹೊತ್ತು.
ಅದರೊಳಗೆ ನನ್ನ ಹಾಳೆ ಇದ್ದಷ್ಟೇ ಕೊಳೆ.
ಹದಿನಾರು ಬಗೆಯ ಬೂದು ಅಂತೆ,
ಅದರಲ್ಲೊಂದು ಬೂದು ಆ ಸುರುಳಿಯ ಜಾಗದಲ್ಲಿ
ಇದ್ದೇನೆ ಎನ್ನದೆ, ಇಲ್ಲ ಎನ್ನದೆ.
ಪೆನ್ನು ಎಳೆದರೆ ಸ್ಲೇಟಿನ ಕಡ್ಡಿಯ ಸದ್ದು.
ಅಂಚಿನಲ್ಲಿ ‘ಸಂಶಯ’ ಎಂದು ಬರೆದೆ.
ಅದು ಓದಲು ಹೋಗಲಿಲ್ಲ.
ಬರೆದ ಹಾಗೆ ಇಟ್ಟುಕೊಂಡಿತು.

ಇದು ಕೊಡು.
ಹಳೆ ಮಾಡೆಲ್ ಚೇಚಿ.
ನನ್ನ ಕೆಲಸವೂ.

ಇಪ್ಪತ್ತೆರಡೂವರೆ ಸಾವಿರ, ಕುರಿಫಂಡು ಎತ್ತಿದ ದುಡ್ಡು.
ಫ್ಲೋಸಿ ಕ್ರಾಸ್ತಾ, ಬದಿಯಡ್ಕ, ಎಂದು ಬಿಲ್ಲು ಬಂತು,
ಆರು ತಿಂಗಳಲ್ಲಿ ಮಾಸುವ ಆ ನುಣುಪು ಕಾಗದದಲ್ಲಿ.
ವಾರಂಟಿ ಮಾತ್ರ ಒಂದು ವರ್ಷ.
ಕಸುಬಿನವಳಲ್ಲವಾ, ಬಿಡಲಿಕ್ಕಾಗಲಿಲ್ಲ:
ನೋಟ್‌ಬುಕ್ಕಿನ ಹಾಳೆ ಹರಿದು, ನೀಲಿ ಪೆನ್ನಿನಲ್ಲಿ
ತಾರೀಕು, ನಂಬ್ರ, ಮೊತ್ತ ಎಲ್ಲ ನಕಲು ಮಾಡಿ
ಕೆಳಗೆ ಅವನ ರುಜು ಹಾಕಿಸಿಕೊಂಡೆ.

ಚೆರ್ಕಳ ಮುಟ್ಟುವಾಗ ಕತ್ತಲೆ.
ಬಸ್ಸಿನ ದೀಪ ಸತ್ತಿತ್ತು.
ತೊಡೆಯ ಮೇಲೆ ಮೂವತ್ತೊಂದನೇ ಇಸವಿ:
ಎದುರಿನ ಲಾರಿಯ ಬೆಳಕಿಗೆ ಕಟ್ಟೆ,
ಬೇಕರಿಯ ಟ್ಯೂಬ್‌ಲೈಟಿಗೆ ಕಟ್ಟ,
ಎಡನೀರು ಕಳೆದ ಮೇಲೆ ಏನೂ ಕಾಣದು,
ಗಾಜಿನ ತಣ್ಪು ಮಾತ್ರ ಬೆರಳಿಗೆ.

ನೆಲ್ಲಿಕಟ್ಟ, ನೆಲ್ಲಿಕಟ್ಟ, ಕಂಡಕ್ಟರ್ ಕೂಗಿದ.
ಮುಂದಿನ ಸೀಟಿನ ಅಜ್ಜಿ
ಮೀನಿನ ಚೀಲ ಎತ್ತಿಕೊಂಡು ಎದ್ದಳು:
ನೆಲ್ಲಿಕಟ್ಟೆ ಬಂತಾ?
ಬಂತು, ಎಂದ.
ಇಳಿದಳು.