ತಟ್ಟಿ ನೋಡು

ಉಗುರಲ್ಲಲ್ಲ, ಗೆಣ್ಣಿನಲ್ಲಿ ತಟ್ಟು,
ಅನ್ನುತ್ತಿದ್ದ ಅಪ್ಪ. ಕೇಳುವುದು ಆಮೇಲೆ.
ಅದಕ್ಕೂ ಮೊದಲು ಉಸಿರು ಹಿಡಿ.

ಇದು ತಾತ ಚೌರಪ್ಪ ನೆಲದಡಿಯಿಂದ ತಂದ ವಿದ್ಯೆ.
ಚಾಂಪಿಯನ್ ರೀಫಿನ ಗಣಿಯಲ್ಲಿ
ಆತನದು ಆಸರೆಯ ಮರ ನಿಲ್ಲಿಸುವ ಕೆಲಸ;
ಕೇಜಿನಲ್ಲಿಳಿದು, ದೀಪ ಎತ್ತಿ ಹಿಡಿದು
ತಲೆ ಮೇಲಿನ ಬಂಡೆಗೆ ಸುತ್ತಿಗೆಯಿಂದ ಒಂದೇ ಏಟು.
ಣಣ್ ಎಂದರೆ ಗಟ್ಟಿ,
ಡಬ್ ಎಂದರೆ ಓಡು.
ಮರ ಕಿರುಗುಟ್ಟಿದ್ದು ಕೇಳಿ
ಒಮ್ಮೆ ಮೂವತ್ತು ಜನರನ್ನು ಹಿಂದೆ ಕರೆದನಂತೆ.
ಇನ್ನೊಮ್ಮೆ ಕರೆಯುವಷ್ಟು ಹೊತ್ತಿರಲಿಲ್ಲ.
ಅದರ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಸಂಜೆ, ಮೇಲೆ, ಲೈನ್‌ಮನೆಯ ಹಿತ್ತಲಲ್ಲಿ
ಅದೇ ಕಿವಿ; ಸುತ್ತಿಗೆ ಇಲ್ಲ, ಬರೀ ಬೆರಳು.
ಯಂತ್ರದ ಭಾಗ ಬಂದ ಪೆಟ್ಟಿಗೆಯ ಬಿಳಿ ಹಲಗೆ,
ಯಾವ ದೇಶದ ಮರವೋ, ಮೇಲೆ ಕಪ್ಪಗೆ ಅಚ್ಚೊತ್ತಿದ ಅಕ್ಷರ,
ಅದನ್ನು ಕೀಸಿ ಕೀಸಿ
ಹಪ್ಪಳದಷ್ಟು ತೆಳ್ಳಗೆ ಮಾಡಿ
ಗಿಟಾರಿನ ಎದೆಗೆ ಇಟ್ಟ.
ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಡಿಕ್ರೂಜ್ ದೊರೆ
ಒಡೆದದ್ದೊಂದು ರಿಪೇರಿಗೆ ಕೊಟ್ಟಿದ್ದನಂತೆ.
ಬಿಚ್ಚಿ ನೋಡಿದ, ಒಳಗಿನ ಕಡ್ಡಿಗಳ ಲೆಕ್ಕ
ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿಕೊಂಡ.
ಅಷ್ಟೇ ಗುರೂಪದೇಶ.
ಸ್ಪ್ಯಾನಿಷ್ ಗಿಟಾರ್ ಅನ್ನುತ್ತಿದ್ದರು ಎಲ್ಲರೂ;
ಸ್ಪೇನ್ ಎಲ್ಲಿದೆ ಎಂದು ತಾತ ಕೇಳಲಿಲ್ಲ,
ಬೇತಮಂಗಲದ ಆಚೆ ಇರಬೇಕು ಅಂದುಕೊಂಡನೇನೋ.

ಅಪ್ಪ ಇನ್ನಾಸಪ್ಪನಿಗೆ ಕಿವಿ ಹೋಯಿತು,
ಡ್ರಿಲ್ಲು ಹಿಡಿದ ಹದಿನೇಳು ವರ್ಷಕ್ಕೆ.
ಅವ್ವ ಕೂಗಿದರೆ ಕೇಳದು, ಚರ್ಚಿನ ಗಂಟೆ ಕೇಳದು.
ಗಣಿ ಮುಚ್ಚಿದ ಮಾರನೇ ದಿನ, ಸೈರನ್ ಕೂಗಲಿಲ್ಲವೆಂದು
ಊರೆಲ್ಲ ಬೀದಿಗೆ ಬಂದು ನಿಂತಾಗ
ಅವನೊಬ್ಬನೇ ಒಳಗೆ ಗಿಟಾರಿನ ಕತ್ತು ಕೆತ್ತುತ್ತಿದ್ದ.
ಹಲ್ಲಿನಲ್ಲಿ ಕೇಳಲು ಕಲಿತದ್ದು ಆಮೇಲೆ.
ಹಲಗೆಯ ಅಂಚು ಮೆಲ್ಲಗೆ ಕಚ್ಚಿ,
ಕಣ್ಣು ಮುಚ್ಚಿ, ತಟ್ಟಿ,
ದವಡೆಯೊಳಗೆ ಏನು ಬಂತೋ,
ಕೀಸುಳಿ ಎತ್ತಿ ಒಂದೆಳೆ ತೆಗೆಯುವನು.
ನಮ್ಮಲ್ಲಿ ಹುಟ್ಟಿದ ಪ್ರತಿ ಗಿಟಾರಿನ
ಒಳಅಂಚಿನಲ್ಲಿ ಅವನ ಹಲ್ಲಿನ ಗುರುತಿದೆ.
ಕೊಂಡವರಿಗೆ ಗೊತ್ತಿಲ್ಲ.

ಈ ತಪಸ್ಸುಕಾಲದಲ್ಲಿ ಉರಿಗಾಮಿನ ಹುಡುಗನೊಬ್ಬ ಬಂದ.
ಫ್ಲಮೆಂಕೊ ಎಂದ. ಹಗುರ ಇರಬೇಕು, ತೆಳು ಇರಬೇಕು,
ತಂತಿ ಮೀಟುತ್ತಲೇ ಉಂಗುರಬೆರಳಿನಿಂದ
ಮರಕ್ಕೆ ಬಡಿಯುವುದಿದೆ, ತಡೆಯಬೇಕು.
ಅಪ್ಪನಿಗೆ ಕೈಸನ್ನೆಯಲ್ಲಿ ತೋರಿಸಿದೆ.
ಬಡಿಯುವುದೇ? ವಾದ್ಯಕ್ಕೇ?
ಮೂರು ದಿನ ಆ ಹುಡುಗನನ್ನು ಬೈದ.
ನಾಲ್ಕನೇ ದಿನ ಮಂಚದಡಿಯಿಂದ
ತಾತ ಬಚ್ಚಿಟ್ಟಿದ್ದ ಕೊನೆಯ ಪೆಟ್ಟಿಗೆ ಹಲಗೆ ಎಳೆದ.

ಪಕ್ಕೆಗಳನ್ನು ಕಾದ ಕೊಳವೆಗೆ ಬಗ್ಗಿಸಿದ್ದು ನಾನು.
ಎರಡು ಮುರಿದವು. ಸರೇಸು ಕಾಸಿದ್ದು ಅವ್ವ,
ಸಾರಿನ ಒಲೆಯಲ್ಲೇ, ಮೂಗು ಮುಚ್ಚಿಕೊಂಡು.
ಸಯನೈಡ್ ದಿಬ್ಬದ ಧೂಳು ಬಾಗಿಲಲ್ಲಿ ನುಗ್ಗುತ್ತಿತ್ತು,
ಒದ್ದೆ ಗೋಣಿ ಕಟ್ಟಿದೆವು, ಆದರೂ ಬಂತು,
ಮೆರುಗಿನೊಳಗೆ ಒಂದಿಷ್ಟು ಇದೆ ಈಗಲೂ.

ಹುಡುಗ ಕೂತು ನುಡಿಸಿದ.
ಅಪ್ಪ ಅವನೆದುರು ಮಂಡಿಯೂರಿ
ಗಿಟಾರಿನ ಬುಡಕ್ಕೆ ಹಲ್ಲು ತಾಗಿಸಿದ.
ಮೊದಲ ಪೆಟ್ಟು ಬಿತ್ತು: ಡಬ್.
ನನ್ನ ರಟ್ಟೆ ಹಿಡಿದು ಎಳೆದ ಅಪ್ಪ,
ಕತ್ತೆತ್ತಿ ತಗಡಿನ ಸೂರು ನೋಡಿದ.
ಸೂರು ಹಾಗೇ ಇತ್ತು. ಹುಡುಗ ನಿಲ್ಲಿಸಲಿಲ್ಲ.
ಮತ್ತೆ ಡಬ್, ಮತ್ತೆ,
ಟೊಳ್ಳು ತುಂಬಿ ಬರುವ ಸದ್ದು.
ಹಿಡಿದ ಕೈ ಬಿಡದೆಯೇ, ನಿಧಾನಕ್ಕೆ,
ಅಪ್ಪ ಮತ್ತೆ ಹಲ್ಲು ಊರಿದ.

ರಟ್ಟೆಯಲ್ಲಿ ಐದು ಬೆರಳು ಎರಡು ದಿನ ಇದ್ದವು.
ದುಡ್ಡು ಎಣಿಸುತ್ತಾ ಅವ್ವ ಕೇಳಿದಳು,
ಏನಂತೆ ನಿಮ್ಮಪ್ಪಂದು?
ಏನಿಲ್ಲ, ಎಂದೆ. ಕೇಳಿಸಿತಂತೆ.