ಐಚ್ಛಿಕ: ಒಂದನ್ನು ಮಾತ್ರ ಆರಿಸಿ

ಯಶವಂತಪುರದ ಮಾರ್ಕೆಟ್ ಯಾರ್ಡಿಗೆ
ಬೆನ್ನು ಕೊಟ್ಟು ನಿಂತ ನಮ್ಮ ಕಾಲೇಜಿನಲ್ಲಿ
ಈರುಳ್ಳಿ ಹರಾಜು ಮುಗಿಯುವ ತನಕ
ಮೊದಲ ಪೀರಿಯಡ್ಡು ಕೇಳಿಸುವುದಿಲ್ಲ.
ಅಲ್ಲಿ ಕ್ವಿಂಟಾಲಿನ ಕೂಗು, ಇಲ್ಲಿ ಕ್ರೆಡಿಟ್ಟಿನದು:
ಮೇಜರ್ರಿಗೆ ಇಷ್ಟು, ಮೈನರ್ರಿಗೆ ಇಷ್ಟು,
ಕನ್ನಡ ಕಡ್ಡಾಯ, ಪರಿಸರ ಕಡ್ಡಾಯ,
ಹಾಜರಿ ಶೇಕಡಾ ಎಪ್ಪತ್ತೈದು ಕಡ್ಡಾಯ.
ಇಂಗ್ಲಿಷಿನ ಮೇಲೆ ಪ್ರೀತಿ ಇರಬೇಕೆಂದು
ಸುತ್ತೋಲೆಯಲ್ಲಿ ಎಲ್ಲೂ ಹೇಳಿಲ್ಲ.

ಹದಿನೇಳು ವರ್ಷದಿಂದ ನಾನಿಲ್ಲಿ ಮಿಸ್ಸು.
ಐದನೇ ಸೆಮಿಸ್ಟರಿನ ಫಾರಂಗಳು ಹಾರದಂತೆ
ಸ್ಟೀಲ್ ಲೋಟ ಹೇರಿ ಕೂತಿದ್ದೇನೆ.
ನಾಲ್ಕು ಚೌಕ, ಒಂದಕ್ಕೆ ಟಿಕ್ಕು:
ಭಾಷಾವಿಜ್ಞಾನ, ವಸಾಹತೋತ್ತರ ಸಾಹಿತ್ಯ,
ವೃತ್ತಿ ಸಂವಹನ, ಅನುವಾದ.

ಸಂವಹನಕ್ಕೆ ನಲವತ್ತೊಂದು ಮಂದಿ.
ಅದು ಓದಿದರೆ ಕೆಲಸ ಸಿಗುತ್ತಂತೆ. ಹೇಳಿದ್ದು ಯಾರೋ,
ಜೆರಾಕ್ಸ್ ಅಂಗಡಿ ಹುಡುಗನಿರಬೇಕು,
ನಮ್ಮ ವಿಭಾಗದ ನಿಜವಾದ ಮುಖ್ಯಸ್ಥ ಅವನೇ.
ಭಾಷಾವಿಜ್ಞಾನಕ್ಕೆ ಹನ್ನೆರಡು:
ವಾಕ್ಯ ಸೀಳಿ ಮರ ಬರೆದರೆ ಸಾಕು, ಅಂಕ ಉದುರುತ್ತವೆ.
ವಸಾಹತೋತ್ತರ ಅನ್ನಲು ನಾಲಿಗೆ ಎಡವಿದರೂ
ಬೆರಳಿಟ್ಟು ತೋರಿಸಿ ಟಿಕ್ ಹಾಕಿದವರು ಹದಿನಾರು.
ಅನುವಾದಕ್ಕೆ ಒಂಬತ್ತು.
ಹತ್ತು ಇಲ್ಲದೆ ತರಗತಿ ಇಲ್ಲ;
ನಿಯಮ ಆರು, ಉಪನಿಯಮ ಬಿ.

ಒಂಬತ್ತೂ ಮಂದಿ ನನಗೆ ಗೊತ್ತು.
ಸಬಿಹಾ, ಅಪ್ಪನ ಕುಕ್ಕರ್ ರಿಪೇರಿ ಅಂಗಡಿಯಲ್ಲಿ
ಗಿರಾಕಿಯ ತಮಿಳನ್ನು ದಖನಿಗೆ ದಾಟಿಸುವವಳು.
ಎಲಿಷಾ, 'ಸಲಿಗೆ' ಅನ್ನೋದಕ್ಕೆ
ಇಂಗ್ಲಿಷಲ್ಲಿ ಏನೂ ಇಲ್ಲವಲ್ಲ ಮಿಸ್ ಅಂತ
ಬಸ್ ಸ್ಟಾಪಿನವರೆಗೂ ಬೆನ್ನು ಹತ್ತಿ ಬಂದವನು.
ಉಳಿದವರು ಇವರಿಬ್ಬರ ಸ್ನೇಹಿತರು.

ನಾಲ್ಕೂ ಮುಕ್ಕಾಲು. ಐದಕ್ಕೆ ಪೋರ್ಟಲ್ಲು ಮುಚ್ಚುತ್ತದೆ.
ಲೋಟದಡಿ ಕೊನೆಯ ಫಾರಂ:
ಎಂ. ಸುವಾರ್ತ, ಲಗ್ಗೆರೆ.
ಹೆಸರಿದೆ, ಫೋಟೋ ಇದೆ, ಫೀಸಿನ ಚಲನ್ ಇದೆ,
ನಾಲ್ಕೂ ಚೌಕ ಖಾಲಿ.

ಪೆನ್ನು ನನ್ನ ಕೈಯಲ್ಲೇ ಇತ್ತು.
ಸುಳ್ಳೇಕೆ, ಮುಚ್ಚಳವನ್ನೂ ತೆಗೆದಿದ್ದೆ.
ರಾತ್ರಿಗಟ್ಟಲೆ ಕೂತು ನಾನೇ ಬರೆದ ಸಿಲಬಸ್ಸು,
ಇಷ್ಟು ವರ್ಷದಲ್ಲಿ ನಡೆದಿರುವುದು ಮೂರೇ ಸಲ.
ಮುಚ್ಚಳ ಹಾಕಿದೆ. ಫೋನ್ ಮಾಡಿದೆ.

"ಒಂದ್ನಿಮಿಷ ಮಿಸ್" ಅಂದಳು.
ಫೋನು ಹಾಸಿಗೆ ಮೇಲೋ ಎಲ್ಲೋ ಬಿತ್ತು,
ಮಾತ್ರೆಯ ಪಟ್ಟಿ ಚಟಕ್ಕೆಂದಿತು.
"ಅಮ್ಮಮ್ಮಾ, ರಾತ್ರಿಕಿ ಒಕಟೇ. ಅನ್ನಂ ತಿನ್ನಾಕ."
ಮುದುಕಿ ಯಾರನ್ನೋ ಬೈದಳು, ಡಾಕ್ಟರನ್ನಿರಬೇಕು.
ಚೀಟಿಯ ಗೀಚು ಇಂಗ್ಲಿಷನ್ನು ತೆಲುಗು ಮಾಡಿ,
ಬೈಗುಳವನ್ನು ಮಾತ್ರ ಇದ್ದಲ್ಲೇ ಬಿಟ್ಟು,
ಕನ್ನಡಕ್ಕೆ ಬಂದಳು: "ಹೇಳಿ ಮಿಸ್."

ಟಿಕ್ ಹಾಕಿಲ್ಲವಲ್ಲ ನೀನು, ಅಂದೆ.
"ಯಾವ್ದು ಅಂತ ಗೊತ್ತಾಗ್ಲಿಲ್ಲ.
ಅನುವಾದ ಅಂದ್ರೆ ಅದ್ರಲ್ಲಿ ಏನಿರುತ್ತೆ?"
ಘಟಕ ಒಂದು, ಸಮಾನತೆಯ ಸಿದ್ಧಾಂತ.
ಘಟಕ ಎರಡು, ಲಾಭ ಮತ್ತು ನಷ್ಟ.
ಘಟಕಗಳೆಲ್ಲ ನಾಲಿಗೆಯ ತುದಿಗೆ ಬಂದು
ಯಾರೂ ಕೂಗದ ಮೂಟೆಗಳ ಹಾಗೆ ಕೂತವು.
"ಈಗ ಮಾಡಿದೆಯಲ್ಲ, ಅದೇ."
"ಏನ್ ಮಾಡ್ದೆ?"
"ಅಜ್ಜಿಗೆ ಹೇಳಿದೆಯಲ್ಲ."
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
"ಹಂಗಾದ್ರೆ ಅದೇ ಹಾಕಿ ಮಿಸ್.
ಅದಕ್ಕೂ ಮಾರ್ಕ್ಸ್ ಕೊಡ್ತಾರಾ?"
"ಅರವತ್ತು. ಇಂಟರ್ನಲ್ಲು ನಲವತ್ತು.
ಹಾಜರಿ ಮಾತ್ರ ನೋಡ್ಕೊ."

ಐದಕ್ಕೆ ಮೂರು ನಿಮಿಷ.
ತೆರೆಯ ಮೇಲೆ ಚಕ್ರ ಸುತ್ತುತ್ತಿದೆ,
ಒಂಬತ್ತು ಇನ್ನೂ ಹತ್ತಾಗಿಲ್ಲ.
ಹಿಂದೆ ಯಾರ್ಡಿನಲ್ಲಿ ಲಾರಿ ಹಿಮ್ಮೆಟ್ಟುತ್ತಿದೆ,
ಬರ್ಲಿ ಬರ್ಲಿ ಬರ್ಲಿ, ಹೋಲ್ಡಾನ್
ಅನ್ನುತ್ತಾನೆ ಕ್ಲೀನರು.
ಸುವಾರ್ತ ಫೋನು ಇಡಲು ಮರೆತಿದ್ದಾಳೆ.
ಅಜ್ಜಿಗೆ ಏನೋ ವಿವರಿಸುತ್ತಿದ್ದಾಳೆ, ನನಗೆ ತಿಳಿಯದ ತೆಲುಗು,
ನಡುವೆ ಎರಡು ಸಲ, ಹಾಗೇ,
ಸೆವೆಂಟಿ ಫೈವ್ ಪರ್ಸೆಂಟ್.